ಅಂಗೈಯ ಸದ್ದು

ವಾಲ್ನಟ್ ಕ್ರೀಕ್
2 ಆಗಸ್ಟ್ 2000

ಭಾವನವರಿಗೆ ಆಶಾಲತಾಳ ನಮಸ್ಕಾರ.

ನಿಮ್ಮ ತಮ್ಮ ತೀರಿಕೊಂಡ ಸುದ್ದಿಯನ್ನು ಮಾರ್ಚ್‌ನಲ್ಲಿ ನಿಮ್ಮ ಸೋದರಸೊಸೆ ದೀಪ್ತಿಗೆ ಫೋನ್ ಮಾಡಿ ಹೇಳಿದ್ದೆ. ನೀವು ಅವಳ ಪಕ್ಕದಲ್ಲೇ ಕೂತಿದ್ದಿರಂತೆ, ಫೋನು ಕೈಗೆ ತೆಗೆದುಕೊಳ್ಳಲಿಲ್ಲವಂತೆ. ಇಷ್ಟು ವರ್ಷ ಅವರು ನಿಮಗೆ ಒಂದು ಸಾಲು ಬರೆಯಲಿಲ್ಲ. ಹಾಗಿರುವಾಗ ಒಂದು ಫೋನಿಗಾಗಿ ನಾನು ಬೇಸರ ಮಾಡಿಕೊಳ್ಳುವುದು ಸರಿಯಲ್ಲ.

ಈಗ ಬರೆಯುವುದಕ್ಕೆ ಬೇರೆ ಕಾರಣ ಉಂಟು. ಮೊನ್ನೆ ಆಟಿ ಅಮಾವಾಸ್ಯೆ, ತೀರಿಹೋದವರಿಗೆ ಎಲೆ ಹಾಕುವ ದಿನ. ಅವರಿಗೆ ಅಗೆಲು ಬಡಿಸಬೇಕೆಂದು ನನಗೆ ತುಂಬಾ ಅನ್ನಿಸಿತು. ನಮ್ಮ ಅಳಿಯಸಂತಾನದ ಕಟ್ಟಿನಲ್ಲಿ ಗಂಡ ಅವನ ತಾಯಿಯ ಕುಟುಂಬದವನು, ಹೆಂಡತಿಯದು ಬೇರೆ ಕುಟುಂಬ, ಮಕ್ಕಳೂ ಹೆಂಡತಿಯ ಕಡೆಗೇ. ಅವರನ್ನು ಕರೆಯುವ ಹಕ್ಕು ನನಗಿಲ್ಲ, ಮಗಳು ನಿಶ್ಮಿತಾಗೂ ಇಲ್ಲ. ಕಟಪಾಡಿಯ ಮನೆಯ ಒಳಕೋಣೆಯಲ್ಲಿ ನೀವೇ ಕರೆಯಬೇಕು. ಇದು ಗೊತ್ತಿದ್ದೂ ಬಡಿಸಿದೆ.

ಎಲ್ಲಿ ಎಂದರೆ, ನಮ್ಮ ಹಿತ್ತಿಲಲ್ಲಿ ನೆಲದಡಿ ಒಂದು ಕೋಣೆ ಉಂಟು. ರಷ್ಯದವರು ಅಣುಬಾಂಬು ಹಾಕಿದರೆ ಅಡಗಿ ಕೂರಲು ಈ ಮನೆಯ ಹಳೆಯ ಯಜಮಾನ ಕಟ್ಟಿಸಿದ್ದು. ಇಳಿಯಲು ಮೆಟ್ಟಿಲು, ಉಕ್ಕಿನ ಬಾಗಿಲು, ಒಳಗೆ ಕೈಯಿಂದ ತಿರುಗಿಸಿ ಗಾಳಿ ಎಳೆಯುವ ಯಂತ್ರ. ಬಾಂಬು ಬೀಳಲಿಲ್ಲ. ಆ ಮನುಷ್ಯ ಮನೆ ಮಾರಿ ಹೋದ. ನಿಮ್ಮ ತಮ್ಮ ಆಫೀಸಿನಿಂದ ಬಂದು ಅಲ್ಲೇ ಕೂರುತ್ತಿದ್ದರು. "ಕಿವಿಗೆ ರಜೆ" ಎನ್ನುತ್ತಿದ್ದರು. ಅವರು ಹೋದದ್ದೂ ಅಲ್ಲೇ, ಆ ಕುರ್ಚಿಯಲ್ಲಿ, ಬಾಗಿಲು ಹಾಕಿಕೊಂಡು. ನಾನು ಮೇಲೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ್ದೆ.

ಮಿಲ್ಪಿಟಾಸ್‌ನಿಂದ ಬಾಳೆಎಲೆ ತಂದು, ಕೋಳಿ ಸಾರು ಮಾಡಿ, ಅಲ್ಲಿ ಎಲೆ ಹಾಕಿ, ಹೆಸರು ಕರೆದು ಬಾಗಿಲು ಮುಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ತಟ್ಟಿ ತೆರೆಯಬೇಕು ಎಂದು ಮೆಟ್ಟಿಲಲ್ಲೇ ನಿಂತಿದ್ದೆ.

ನಾನು ತಟ್ಟುವ ಮೊದಲೇ ಒಳಗಿನಿಂದ ತಟ್ಟಿದರು, ಭಾವ.

ನಾನು ತೆರೆಯಲಿಲ್ಲ. ಇವತ್ತಿಗೂ ತೆರೆದಿಲ್ಲ. ಮಧ್ಯಾಹ್ನವಾದರೆ ಆ ಸದ್ದು ಬರುತ್ತದೆ. ನಿಶ್ಮಿತಾಗೆ ಹೇಳಿದರೆ "ಪೈಪ್ಸ್ ಅಮ್ಮಾ, ಜಸ್ಟ್ ಪೈಪ್ಸ್" ಅನ್ನುತ್ತಾಳೆ. ಆ ಕೋಣೆಗೆ ಪೈಪೇ ಇಲ್ಲ.

ಕರೆಯಬಾರದ ಕಡೆ ಕರೆದು ನಾನು ಅವರನ್ನು ಸಿಕ್ಕಿಸಿಹಾಕಿದ್ದೇನೆ. ದಯವಿಟ್ಟು ಅವರನ್ನು ಅವರ ಮನೆಗೆ ಕರೆದುಕೊಳ್ಳಿ.

ನಿಮ್ಮ ಸೊಸೆಗೆ ಸಮಾನಳು,
ಆಶಾಲತಾ


ಕಟಪಾಡಿ
16 ಆಗಸ್ಟ್ 2000

ಆಶಾಲತಾಗೆ,

ನಿನ್ನ ಪತ್ರ ಸಿಕ್ಕಿತು. ನೀನು ಮಾಡಿದ್ದು ಸರಿಯಲ್ಲ. ಅದು ನಿನಗೇ ಗೊತ್ತಿರುವುದರಿಂದ ಹೆಚ್ಚು ಹೇಳುವುದಿಲ್ಲ.

ನಮ್ಮ ಅಮ್ಮ ಹೋದಾಗ ಬೊಜ್ಜದ ಕ್ರಿಯೆಗೆ ಸಂಪತ್ ಬರಲಿಲ್ಲ. ನಾನು ನೇವಿಯಿಂದ ರಜೆ ಹಾಕಿ ವಿಶಾಖಪಟ್ಟಣದಿಂದ ಬಂದೆ. ಅವನಿಗೆ ವಿಮಾನ ಇತ್ತು, ಕೈಯಲ್ಲಿ ಕಾಸಿತ್ತು. ಬಂಧುಗಳೆಲ್ಲ ಬಾಗಿಲ ಕಡೆ ನೋಡುತ್ತಿದ್ದರು. ಆ ದಿನ ಎಲ್ಲರೆದುರು ನಾನೊಂದು ಮಾತು ಹೇಳಿದ್ದೇನೆ: ಈ ಮನೆಯಲ್ಲಿ ಸಂಪತ್‌ಗೆ ಬದುಕಿದ್ದಾಗಲೂ ಎಲೆ ಇಲ್ಲ, ಸತ್ತ ಮೇಲೂ ಇಲ್ಲ. ದೈವದ ಕೋಣೆಯ ಎದುರು ನಿಂತು ಹೇಳಿದ ಮಾತು. ನುಂಗಿಕೊಳ್ಳಲು ಆಗುವುದಿಲ್ಲ.

ಇಲ್ಲಿ ಎರಡು ದಿನದಿಂದ ರೇಡಿಯೋ ಬಿಟ್ಟು ಏಳಲಿಲ್ಲ. ರಷ್ಯದ ಉತ್ತರಕ್ಕಿರುವ ಸಮುದ್ರದಲ್ಲಿ ಅವರ ಅಣುಶಕ್ತಿಯ ಸಬ್‌ಮರೀನು ಮುಳುಗಿ ತಳದಲ್ಲಿ ಕೂತಿದೆ. ನೂರಕ್ಕೂ ಮೇಲೆ ಜನ. ಒಳಗಿನಿಂದ ತಟ್ಟುವ ಸದ್ದು ಕೇಳಿತು ಎನ್ನುತ್ತಾರೆ. ಪಶ್ಚಿಮದವರು ಸಹಾಯಕ್ಕೆ ಬರುತ್ತೇವೆ ಎಂದರೂ ರಷ್ಯದವರು ಸುಮ್ಮನಿದ್ದಾರೆ. ಗುಟ್ಟು ಹೊರಬೀಳಬಾರದಲ್ಲ. ಅಮೆರಿಕದ ಬೋಟೇ ಬಂದು ಗುದ್ದಿತು ಎಂಬ ಮಾತೂ ಉಂಟು. ನಾನು ವ್ಲಾದಿವೊಸ್ತೋಕ್‌ನಲ್ಲಿ ಕಲಿತವನು. ಅವರ ಕೈಯಲ್ಲಿ ಬ್ರೆಡ್ಡು ತಿಂದವನು. ದೀಪ್ತಿ "ಮಾವಾ, ಊಟ ಆರಿತು, ರೇಡಿಯೋ ಒಳಗೇ ಹೋಗಿ ಕೂತುಬಿಡಿ" ಎಂದು ಗದರಿಸುತ್ತಿದ್ದಾಳೆ.

ನಿನಗೂ ಮಗಳಿಗೂ ಒಳ್ಳೆಯದಾಗಲಿ.

ಭೋಜ

ಮತ್ತೆ: ಹೇಗೆ ತಟ್ಟುತ್ತದೆ ಎಂದು ನೀನು ಬರೆಯಲಿಲ್ಲ.


ವಾಲ್ನಟ್ ಕ್ರೀಕ್
30 ಆಗಸ್ಟ್ 2000

ಭಾವನವರಿಗೆ ನಮಸ್ಕಾರ.

ಆ ಬೋಟಿನ ಬಾಗಿಲು ಕೊನೆಗೂ ನಾರ್ವೆಯವರು ತೆರೆದರಂತೆ. ಒಳಗೆ ಬರೀ ನೀರು. ಇಲ್ಲಿ ಟಿವಿಯಲ್ಲಿ ಒಬ್ಬ ತಾಯಿ ಕಿರುಚುವುದನ್ನು ತೋರಿಸಿದರು. ನಾನು ಟಿವಿ ಆರಿಸಿದೆ. ಆರಿಸಿದ ಕೂಡಲೇ ಹಿತ್ತಿಲಿನ ಸದ್ದು ಕೇಳಿತು.

ಹೇಗೆ ಎಂದು ಕೇಳಿದ್ದೀರಿ. ಮೊದಲು ಗೆಣ್ಣಿನಿಂದ ಎರಡು, ಬೇಗ ಬೇಗ. ಆಮೇಲೆ ಒಬ್ಬ ಮನುಷ್ಯ ಉಸಿರೆಳೆದುಕೊಳ್ಳುವಷ್ಟು ಮೌನ. ಆಮೇಲೆ ಒಂದು, ಮೆಲ್ಲಗೆ. ಆ ಕೊನೆಯದು ಗೆಣ್ಣಿನದಲ್ಲ, ಅಂಗೈಯದು. ಮಗುವಿನ ಬೆನ್ನು ತಟ್ಟಿದ ಹಾಗೆ. ನಿಶ್ಮಿತಾಳೂ ಶನಿವಾರ ಮನೆಯಲ್ಲಿದ್ದಾಗ ಕೇಳಿಸಿಕೊಂಡಳು. ಮೆಟ್ಟಿಲ ಮೇಲೆ ನಿಂತು ನನ್ನ ತೋಳು ಹಿಡಿದುಕೊಂಡಳು. ಪೈಪಿನ ಮಾತು ಎತ್ತಲಿಲ್ಲ.

ಆ ಗಾಳಿಯಂತ್ರಕ್ಕೆ ಹೊರಗೂ ಒಂದು ಹಿಡಿ ಉಂಟು. ದಿನಾ ಮಧ್ಯಾಹ್ನ ಹೋಗಿ ಸ್ವಲ್ಪ ಹೊತ್ತು ತಿರುಗಿಸಿ ಬರುತ್ತೇನೆ. "ಹೂ ಈಸ್ ಇಟ್ ಫಾರ್, ಅಮ್ಮಾ?" ಎಂದು ನಿಶ್ಮಿತಾ ಕೇಳಿದಳು. ನಾನು ತಿರುಗಿಸುತ್ತಲೇ ಇದ್ದೆ. ಆಮೇಲೆ ಅವಳೂ ತಿರುಗಿಸಿದಳು.

ಈಗ ಒಂದು ಮಾತು ಹೇಳಬೇಕು. ಅವರು ಬದುಕಿದ್ದಾಗ ಹೇಳುವ ಹಾಗಿರಲಿಲ್ಲ.

ಅವರ ಕಂಪನಿಯದು ಇಲ್ಲಿನ ನೇವಿಯ ಗುಟ್ಟಿನ ಕೆಲಸ. ಅದಕ್ಕೆ ಸರಕಾರದ ಪರವಾನಗಿ ಬೇಕಿತ್ತು. ಒಂದು ದಿನ ಬೂದು ಕೋಟಿನ ಒಬ್ಬ ಮನೆಗೆ ಬಂದು ಸೋಫಾದಲ್ಲಿ ಕೂತು ನೆಂಟರಿಷ್ಟರ ಬಗ್ಗೆಯೆಲ್ಲ ಕೇಳಿದ. ಅಣ್ಣ ಏನು ಮಾಡುತ್ತಾರೆ? ಇಂಡಿಯನ್ ನೇವಿಯಲ್ಲಿ ಸಬ್‌ಮರೀನು. ಎಲ್ಲಿ ಕಲಿತರು? ಸೋವಿಯತ್ ದೇಶದಲ್ಲಿ. ಇವರು ಒಂದೂ ಸುಳ್ಳು ಹೇಳಲಿಲ್ಲ. ಆ ಮನುಷ್ಯ ಕಾಫಿ ಪೂರ್ತಿ ಕುಡಿದು, ಲೋಟ ತಾನೇ ಒಳಗೆ ತಂದಿಟ್ಟು, ನಗುತ್ತಾ "ಸಂಪರ್ಕ ಕಡಿಮೆ ಇದ್ದಷ್ಟು ಎಲ್ಲರಿಗೂ ಸುಲಭ" ಎಂದು ಹೇಳಿ ಹೋದ. ಅಷ್ಟೇ. ಆಮೇಲೆ ನಿಮಗೆ ಬರೆಯಲು ಇವರು ಪೆನ್ನು ಎತ್ತಲಿಲ್ಲ. ಅತ್ತೆ ಹೋದಾಗ ಟಿಕೆಟ್ ತೆಗೆದಿದ್ದರು. ಆಫೀಸಿನಿಂದ ಒಂದು ಫೋನ್ ಬಂತು. ಇವರು ಕೆಳಗೆ ಇಳಿದು ಹೋಗಿ ಬಾಗಿಲು ಹಾಕಿಕೊಂಡರು. ವಿಮಾನ ಹೋಯಿತು.

ಸೋವಿಯತ್ ದೇಶವೇ ಒಡೆದು ಹೋದ ಮೇಲೆ ನಾನು "ಎಲ್ಲ ಮುಗಿಯಿತಲ್ಲ, ಈಗಾದರೂ ಅಣ್ಣನಿಗೆ ಬರೆಯಿರಿ" ಎಂದೆ. "ಮುಗಿಯಿತು ಅಂತ ಟಿವಿಯವರು ಹೇಳಿದ್ದು ಮಾರಾಯ್ತಿ, ಆಫೀಸಿನವರು ಹೇಳಲಿಲ್ಲ" ಎಂದರು.

ಅವರ ಕೆಲಸ ಏನು ಎಂದು ನನಗೆ ಸರಿಯಾಗಿ ಗೊತ್ತಾದದ್ದು ಅವರ ಅಂತ್ಯಕ್ರಿಯೆಯಲ್ಲಿ. ಆಫೀಸಿನ ಮುದುಕರೊಬ್ಬರು ಹೇಳಿದರು: ಸಮುದ್ರದಡಿಯ ಸದ್ದು ಕೇಳಿ, ಇದು ರಷ್ಯದ ಯಾವ ಬೋಟು ಎಂದು ಗುರುತು ಹಿಡಿಯುವುದು. ಆಗ ನನಗೆ ಹಳೆಯದೊಂದು ನೆನಪಾಯಿತು. ಒಮ್ಮೆ ಹಾಫ್ ಮೂನ್ ಬೇಯಲ್ಲಿ ದಡದ ಮೇಲೆ ಕೂತಿದ್ದೆವು. ಸಮುದ್ರ ನೋಡುತ್ತಾ ಇದ್ದಕ್ಕಿದ್ದಂತೆ, "ಅಣ್ಣನ ಬೋಟು ಹೇಗೆ ಕೆಮ್ಮುತ್ತದೆ ಎಂದು ನನಗೆ ಬಾಯಿಪಾಠ" ಎಂದರು. ನಾನು ತಮಾಷೆ ಎಂದುಕೊಂಡೆ.

ಭಾವ, ನಿಮ್ಮ ಕೆಲಸದಲ್ಲಿ ಕಲಿಸಿರಬೇಕು. ಒಳಗೆ ಸಿಕ್ಕಿಕೊಂಡವರು ಎಷ್ಟು ಹೊತ್ತು ತಟ್ಟುತ್ತಾರೆ? ಮೇಲೆ ಯಾರಿಗೂ ಕೇಳಿಸದಿದ್ದರೆ ಅವರಿಗೆ ಏನು ಅನ್ನಿಸುತ್ತದೆ?

ಆಶಾಲತಾ


ಕಟಪಾಡಿ
20 ಸೆಪ್ಟೆಂಬರ್ 2000

ಆಶಾಲತಾ,

ನಿನ್ನ ಪತ್ರ ಓದಿ ಕೆಲವು ದಿನ ನಾನು ರೇಡಿಯೋ ಹಾಕಲಿಲ್ಲ, ಸರಿಯಾಗಿ ಊಟವೂ ಮಾಡಲಿಲ್ಲ. ದೀಪ್ತಿ ಡಾಕ್ಟರನ್ನು ಕರೆಯುತ್ತೇನೆ ಎಂದು ಹೆದರಿಸಿದಳು.

ಎರಡು, ಆಮೇಲೆ ಒಂದು. ಇದನ್ನು ಸಂಪತ್‌ಗೆ ಕಲಿಸಿದವನು ನಾನು. ರಷ್ಯದಿಂದ ಮೊದಲ ಸಲ ರಜೆಯಲ್ಲಿ ಬಂದಾಗ ಅವನಿನ್ನೂ ಕಾಲೇಜು ಹುಡುಗ. ಅವನು ಒಳಕೋಣೆಯಲ್ಲಿ, ನಾನು ಚಾವಡಿಯಲ್ಲಿ, ನಡುವೆ ಹಲಸಿನ ಹಲಗೆಯ ಗೋಡೆ. ಸುಮ್ಮನೆ ಆಟಕ್ಕೆ ಹಲಗೆ ತಟ್ಟಿ "ಇದ್ದೀಯಾ?" ಎಂದು ಕೇಳುವುದನ್ನು ಹೇಳಿಕೊಟ್ಟೆ. ನಾನು ಕಲಿಸಿದ್ದು ಮೂರೂ ಗೆಣ್ಣಿನದೇ. ಕೊನೆಯದನ್ನು ಅಂಗೈಗೆ ಬದಲಾಯಿಸಿದವನು ಅವನು. "ಅಣ್ಣಾ, ಮೂರೂ ಗೆಣ್ಣಿನದಾದರೆ ಸಾಲ ಕೇಳಲು ಬಂದವನ ಹಾಗೆ ಇರುತ್ತದೆ" ಎಂದ. ಅಮ್ಮ ಇಲಿ ಎಂದುಕೊಂಡು ಕೋಲು ತರುತ್ತಿದ್ದಳು. ನಾವಿಬ್ಬರೂ ಅದನ್ನು ಯಾರಿಗೂ ಹೇಳಿರಲಿಲ್ಲ. ನಿನಗೂ ಅವನು ಹೇಳಿರಲಿಕ್ಕಿಲ್ಲ. ಹೇಳಿದ್ದರೆ ನೀನು ಮೊದಲ ಪತ್ರದಲ್ಲೇ ಬರೆಯುತ್ತಿದ್ದೆ.

ನಮ್ಮ ಬೋಟು ಕೆಮ್ಮುತ್ತಿತ್ತು. ಎಡಗಡೆಯ ಶಾಫ್ಟು. ಆ ಬೋಟುಗಳೆಲ್ಲ ರಷ್ಯದವರು ಕಟ್ಟಿದ್ದು, ನಮಗೆ ಕೊಟ್ಟದ್ದು, ತಮ್ಮಲ್ಲೂ ಇಟ್ಟುಕೊಂಡದ್ದು. ಒಂದೇ ಅಚ್ಚು. ಶತ್ರುವಿನ ಬೋಟು ಎಂದು ಅವನು ದಿನವಿಡೀ ಕೇಳುತ್ತಿದ್ದದ್ದು ನಾನು ಮಲಗುತ್ತಿದ್ದ ಬೋಟಿನ ಸದ್ದನ್ನೇ. ಅವನು ನನ್ನನ್ನು ಮರೆತಿದ್ದಾನೆ ಎಂದು ನಾನು ಬೈದುಕೊಂಡಿದ್ದ ವರ್ಷಗಳಲ್ಲಿ.

ನೀನು ಕೇಳಿದ್ದಕ್ಕೆ ಉತ್ತರ. ನಮಗೆ ಕಲಿಸಿದ ರಷ್ಯದವನೊಬ್ಬ ಹೇಳುತ್ತಿದ್ದ: ಒಳಗಿದ್ದವನು ತಟ್ಟುವುದು ಬಾಗಿಲು ತೆರೆಯಲಿ ಎಂದು ಮಾತ್ರ ಅಲ್ಲ. ಮೇಲೆ ಯಾರಾದರೂ ಇದ್ದಾರೆ ಎಂದು ತಿಳಿಯಲು. ಬಾಗಿಲು ತೆರೆಯಲು ಆಗದಿದ್ದರೂ ಪರವಾಗಿಲ್ಲ, ತಟ್ಟಿದರೆ ಉತ್ತರ ಕೊಡಿ. ಉತ್ತರ ಬಂದರೆ ಅವನು ಕತ್ತಲೆಯಲ್ಲಿ ನೆಮ್ಮದಿಯಾಗಿ ಕೂರುತ್ತಾನೆ. ಇನ್ನೊಂದು ಮಾತು, ಇದನ್ನೂ ಸರಿಯಾಗಿ ಓದು: ಅವನು ಹೋದ ದಿನ ಆ ದಪ್ಪದ ಉಕ್ಕಿನ ಆಚೆಯಿಂದ ತಟ್ಟಿದ್ದರೆ, ಮಿಕ್ಸಿ ಹಾಕದಿದ್ದರೂ ಅಡುಗೆಮನೆಗೆ ಕೇಳುತ್ತಿರಲಿಲ್ಲ. ನಾನು ಅದೇ ಕೆಲಸದವನು. ನನ್ನ ಮಾತು ನಂಬು.

ನೀನು ಬಾಗಿಲು ತೆರೆಯಬೇಡ. ಇನ್ನು ಅವನು ತಟ್ಟಿದಾಗ ಅಂಗೈಯಿಂದ ಒಂದು ಸಲ ತಟ್ಟು. "ಇದ್ದೇವೆ" ಎಂದು ಅರ್ಥ. ದೀಪಾವಳಿ ಪರ್ಬದ ಅಮಾವಾಸ್ಯೆಯವರೆಗೆ ಹಾಗೆ ಮಾಡು.

ಅವತ್ತು ನಾನು ಎಲೆ ಹಾಕುತ್ತೇನೆ. ಆಡಿದ ಮಾತಿಗೆ ದೈವದ ಎದುರು ತಪ್ಪುಕಾಣಿಕೆ ಇಟ್ಟಾಯಿತು. ದೀಪ್ತಿ "ಇಷ್ಟು ಸುಲಭ ಇತ್ತಾ ಮಾವಾ, ಇಷ್ಟು ವರ್ಷ ಯಾಕೆ ಬೇಕಾಯಿತು?" ಎಂದಳು. ಅವಳಿಗೆ ಹೆದರಿಕೆ ಇಲ್ಲ.

ಭೋಜ


ವಾಲ್ನಟ್ ಕ್ರೀಕ್
8 ಅಕ್ಟೋಬರ್ 2000

ಭಾವ,

ಉತ್ತರ ಕೊಟ್ಟೆ. ಅಂಗೈ ಇಟ್ಟಾಗ ಬಾಗಿಲು ತಣ್ಣಗಿತ್ತು, ಹೊರಗೆ ಅಷ್ಟು ಬಿಸಿಲು ಇದ್ದರೂ. ನಾನು ತಟ್ಟಿದ ಮೇಲೆ ಒಳಗೆ ಕುರ್ಚಿ ಎಳೆದ ಹಾಗೆ ಒಂದು ಸದ್ದು. ಆಮೇಲೆ ಯಾರೋ ಕೂತುಕೊಂಡ ಹಾಗೆ.

ನಿಶ್ಮಿತಾ ಕೆಲಸ ಮಾಡುತ್ತಿದ್ದ ಕಂಪನಿ ಮುಚ್ಚಿತು. ಇಂಟರ್ನೆಟ್ಟಿನಲ್ಲಿ ಹೂ ಮಾರುತ್ತಿದ್ದರು. ಹೋದ ವಾರ ಬೆಳಿಗ್ಗೆ ಬಾರ್ಟ್ ರೈಲು ಹತ್ತಿ ಹೋದವಳು ಮಧ್ಯಾಹ್ನಕ್ಕೆ ರಟ್ಟಿನ ಪೆಟ್ಟಿಗೆ ಹಿಡಿದು ವಾಪಸು ಬಂದಳು. ಈಗ ಮನೆಯಲ್ಲೇ ಇದ್ದಾಳೆ. ಮೊನ್ನೆ ನಾನು ಗ್ರೋಸರಿಗೆ ಹೋಗಿ ಬರುವಾಗ ಅವಳು ಮೆಟ್ಟಿಲಲ್ಲಿ ಕೂತು ಬಾಗಿಲಿನ ಹತ್ತಿರ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು. ಕೆಲಸ ಹೋದದ್ದನ್ನು ಹೇಳುತ್ತಿದ್ದಳು ಎಂದು ಕಾಣುತ್ತದೆ. ನಾನು ಹಿಂದೆ ಸರಿದು ಕಾರಿನಲ್ಲೇ ಕೂತೆ.

ಒಂದು ಕೇಳಬೇಕಿತ್ತು. ನಾನು ಕೈಬಳೆ ತೆಗೆದಿಲ್ಲ. ನಿಶ್ಮಿತಾ ಬಿಡಲಿಲ್ಲ. ಉತ್ತರ ತಟ್ಟುವಾಗ ಅದು ಬಾಗಿಲಿಗೆ ತಾಗಿ ಸದ್ದಾಗುತ್ತದೆ. ಅದು ತಪ್ಪಾ?

ಅವರಿಗೆ ಮರುವಾಯಿ ಪುಂಡಿ ಇಷ್ಟ, ಹೊಳೆಯ ಚಿಪ್ಪುಮೀನಿನ ಸಾರಿನಲ್ಲಿ ಹಾಕಿದ ಅಕ್ಕಿಯುಂಡೆ. ಇಲ್ಲಿ ಸರಿಯಾದ ಮರುವಾಯಿ ಸಿಗುತ್ತಿರಲಿಲ್ಲ. ಸಾಧ್ಯವಾದರೆ ಅದನ್ನು ಬಡಿಸಿ.

ಆಶಾಲತಾ


ಕಟಪಾಡಿ
28 ಅಕ್ಟೋಬರ್ 2000

ಆಶಾಲತಾ,

ಬಳೆ ಇರಲಿ. ಅವನಿಗೆ ನಿನ್ನ ಗುರುತು ಸಿಗುವುದು ಅದರಿಂದ.

ನಿನ್ನೆ ಅಮಾವಾಸ್ಯೆ. ಮರುವಾಯಿಗೆ ದೀಪ್ತಿ ಉದ್ಯಾವರದ ಹೊಳೆಯವರೆಗೆ ಹೋಗಿ ಬಂದಳು. ಒಳಕೋಣೆಯಲ್ಲಿ ಹಿರಿಯರ ಸಾಲಿನಲ್ಲಿ ಅಮ್ಮನ ಎಲೆ, ಅದರ ಬಲಕ್ಕೆ ಅವನದು. "ಸಂಪತ್, ಅಲ್ಲಿ ಕತ್ತಲೆಯಲ್ಲಿ ಕೂತದ್ದು ಸಾಕು, ಇಲ್ಲಿಗೆ ಬಾ, ಅಮ್ಮನ ಪಕ್ಕ ಕೂತುಕೋ" ಎಂದು ಕರೆದೆ. ಬಾಗಿಲು ಮುಚ್ಚಿ ನಾವೆಲ್ಲ ಚಾವಡಿಯಲ್ಲಿ ನಿಂತೆವು.

ಹೊರಗೆ ಅಂಗಳದಲ್ಲಿ ಇನ್ನೊಂದು ಎಲೆ ಹಾಕಿಸಿದ್ದೆ. ದೀಪ್ತಿ ಯಾರಿಗೆ ಎಂದು ಕೇಳಿದಳು. ಆ ಬೋಟಿನಿಂದ ಈ ವಾರ ಹೆಣಗಳನ್ನು ಮೇಲೆ ತರುತ್ತಿದ್ದಾರೆ ಎಂದು ರೇಡಿಯೋದಲ್ಲಿ ಬಂತು. ಹೆಸರು ನನಗೆ ಗೊತ್ತಿಲ್ಲ, ಕರೆಯಲಿಲ್ಲ. ಹಸಿದವರು ಬಂದರೆ ಇರಲಿ ಎಂದು ಹಾಕಿದೆ.

ತೆರೆಯುವ ಹೊತ್ತಾಯಿತು. ಕೆಮ್ಮಿ, ಬಾಗಿಲು ತಟ್ಟಿ ತೆರೆಯುವುದು ಕ್ರಮ. ನಾನು ಬಾಗಿಲನ್ನು ಬಿಟ್ಟು ಹಲಗೆಯ ಗೋಡೆಯ ಹತ್ತಿರ ಹೋಗಿ ತಟ್ಟಿದೆ. ಗೆಣ್ಣಿನಿಂದ ಎರಡು. ಆಮೇಲೆ ಅವನ ಹಾಗೆ, ಅಂಗೈ.

ಉತ್ತರ ಬಂತು. ಒಂದು. ದೀಪ್ತಿಯ ಕೈಯಿಂದ ಚೊಂಬು ಬಿತ್ತು.

ತೆರೆದಾಗ ಒಳಗೆ ಎಲ್ಲ ಹಾಕಿದ ಹಾಗೇ ಇತ್ತು. ದೀಪ ಮಾತ್ರ ಅವನ ಎಲೆಯ ಕಡೆಗೆ ಬಾಗಿ ಉರಿಯುತ್ತಿತ್ತು. ಗಾಳಿ ಇರಲಿಲ್ಲ.

ಅವನು ಮನೆಗೆ ಬಂದ. ನೀನು ಆ ಬಾಗಿಲು ಇನ್ನು ತೆರೆಯಬಹುದು.

ಭೋಜ


ವಾಲ್ನಟ್ ಕ್ರೀಕ್
4 ನವೆಂಬರ್ 2000

ಭಾವನವರಿಗೆ ನಮಸ್ಕಾರ.

ನಿಮ್ಮ ಪತ್ರ ಇನ್ನೂ ಬಂದಿಲ್ಲ. ದೀಪ್ತಿ ಫೋನಿನಲ್ಲಿ ಎಲ್ಲ ಹೇಳಿದಳು. ಹೇಳುವಾಗ ಅಳುತ್ತಿದ್ದಳು, ನಡುವೆ ನಗುತ್ತಿದ್ದಳು. ನಿಮಗೆ ಹೇಗೆ ಕೃತಜ್ಞತೆ ಹೇಳುವುದೋ ನನಗೆ ಗೊತ್ತಿಲ್ಲ.

ಅಮಾವಾಸ್ಯೆಯ ಮೇಲೆ ಇಲ್ಲಿ ಸದ್ದಿಲ್ಲ. ಮಧ್ಯಾಹ್ನ ಮೆಟ್ಟಿಲಲ್ಲಿ ಹೋಗಿ ನಿಲ್ಲುತ್ತೇನೆ. ಏನೂ ಇಲ್ಲ. ಬಾಗಿಲು ತೆರೆದೆವು. ಎಲೆ ಒಣಗಿ ಕಾಗದದ ಹಾಗಾಗಿತ್ತು. ವಾಸನೆ ಇರಲಿಲ್ಲ, ಇರುವೆಯೂ ಬಂದಿರಲಿಲ್ಲ. ನಿಶ್ಮಿತಾ ನೆಲ ಒರೆಸಿದಳು. ಮನೆ ಸಾಕು, ಮಾರಿ ಡ್ಯಾನ್‌ವಿಲ್ ಕಡೆ ಸಣ್ಣದೊಂದು ಅಪಾರ್ಟ್‌ಮೆಂಟಿಗೆ ಹೋಗೋಣ ಅನ್ನುತ್ತಾಳೆ. ನೋಡಬೇಕು.

ನಾನೇ ಬೇಡಿಕೊಂಡದ್ದು ಇದನ್ನು. ಅವರು ತಮ್ಮ ಮನೆ ಸೇರಿದರು. ಆದರೆ ಆ ಸದ್ದು ಇದ್ದಾಗ ಮಧ್ಯಾಹ್ನಕ್ಕೊಂದು ಕೆಲಸ ಇತ್ತು, ಭಾವ.

ಈಗ ದೀಪ ಹಚ್ಚುವ ಹೊತ್ತಿನಲ್ಲಿ, ಅಲ್ಲಿ ನಿಮಗೆ ಬೆಳಗಾಗುವಾಗ, ನಿಶ್ಮಿತಾ ಹೊರಗೆ ಹೋಗಿದ್ದಳು. ನಾನು ಕೆಳಗೆ ಇಳಿದೆ. ಒಳಗೆ ಹೋಗಿ, ಬಾಗಿಲು ಎಳೆದುಕೊಂಡು, ಅವರ ಕುರ್ಚಿಯಲ್ಲಿ ಕೂತೆ. ಆ ಕತ್ತಲೆ ಎಂಥದ್ದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನನ್ನ ಉಸಿರೇ ನನಗೆ ಬೇರೆ ಯಾರದೋ ಹಾಗೆ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ನನಗೆ ಏನನ್ನಿಸಿತೋ, ಬಾಗಿಲು ತಟ್ಟಿದೆ. ಎರಡು, ಆಮೇಲೆ ಒಂದು. ನನಗೆ ಸರಿಯಾಗಿ ಬರುವುದಿಲ್ಲ. ಎರಡನೆಯದು ತಡವಾಯಿತು.

ಉತ್ತರ ಬರಲಿಲ್ಲ. ಎದ್ದು ಬಂದು ಈ ಪತ್ರ ಬರೆಯುತ್ತಿದ್ದೇನೆ. ಉತ್ತರ ಬಾರದಿದ್ದರೆ ಒಳ್ಳೆಯದು ಎಂದೇ ಅರ್ಥ ತಾನೇ? ಅವರು ಇಲ್ಲಿಲ್ಲ ಎಂದೇ ಅರ್ಥ. ನೀವು ಹಾಗೆ ಬರೆದರೆ ನನಗೆ ಸಮಾಧಾನ.

ಆಶಾಲತಾ


ಕಟಪಾಡಿ
5 ನವೆಂಬರ್ 2000

ಆಶಾಲತಾ,

ನನ್ನ ಹಿಂದಿನ ಪತ್ರ ನಿನಗೆ ತಲುಪುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಚಾ ಕುಡಿದು ಚಾವಡಿಯಲ್ಲಿ ಪೇಪರು ಓದುತ್ತಿದ್ದೆ. ದೀಪ್ತಿ ಮಕ್ಕಳಿಗೆ ತಿಂಡಿ ಕೊಡುತ್ತಿದ್ದಳು. ಒಳಕೋಣೆಯ ಹಲಗೆ ತಟ್ಟಿತು.

ಸಂಪತ್ ಬಂದ ಮೇಲೆ ಅದು ಸುಮ್ಮನಿತ್ತು. ಇದು ಅವನ ಕೈಯೂ ಅಲ್ಲ. ಅವನದು ಪಳಗಿದ ಕೈ. ಇದು ಕಲಿಯದವರ ಕೈ. ಮೊದಲನೆಯದು ಆದ ಮೇಲೆ ಎರಡನೆಯದು ಬರಲು ತಡವಾಯಿತು. ಆಮೇಲೆ ಅಂಗೈ. ಅಂಗೈಯ ಜೊತೆಗೆ ಹಲಗೆಗೆ ಬಳೆ ತಾಗಿದ ಸದ್ದು.

ದೀಪ್ತಿ ತನ್ನ ಬರಿಗೈ ಎತ್ತಿ ತೋರಿಸಿದಳು. ಅವಳ ಬಳೆ ಬಚ್ಚಲುಮನೆಯಲ್ಲಿತ್ತು.

ಆಶಾ, ನೀನು ಎಲ್ಲಿ ಕೂತಿದ್ದೀಯೋ ನನಗೆ ಗೊತ್ತಿಲ್ಲ, ಅವನ ಕುರ್ಚಿಯಲ್ಲೇ ಇರಬೇಕು. ಅಲ್ಲಿ ಹೆಚ್ಚು ಹೊತ್ತು ಕೂರಬೇಡ. ನಾನು ಎದ್ದು ಹೋಗಿ ಉತ್ತರ ತಟ್ಟಿದ್ದೇನೆ. ಅಷ್ಟು ದಪ್ಪದ ಉಕ್ಕು, ನಿನಗೆ ಕೇಳಿಸಿರಲಿಕ್ಕಿಲ್ಲ. ಅದಕ್ಕೇ ಬರೆದು ಹೇಳುತ್ತಿದ್ದೇನೆ.

ಇದ್ದೇವೆ. ಮೇಲೆ ಬಾ.

ನಿನ್ನ ಭಾವ,
ಭೋಜ